ಪಾಯಿಂಟ್ ಬದುಕಿಸಲು ಕಲ್ಯಾಣಕ್ಕೆ

ನಮ್ಮ ಮನೆಯಲ್ಲಿ ಏನಾದರೊಂದು ಫಜೀತಿ ಆಗದ ತಿಂಗಳೇ ಇಲ್ಲ, ಆದಾಗೆಲ್ಲ ಬೈಸಿಕೊಳ್ಳುವವನು ನಾನೇ. ಟ್ಯಾಂಕಿನ ನೀರು ತುಂಬಿ ಹರಿದರೆ ನಾನು, ಲಿಫ್ಟ್ ನಿಂತರೆ ನಾನು, ಬಾಗಿಲ ಮುಂದಿನ ಚಪ್ಪಲಿ ಜೋಡಿ ಅದಲು ಬದಲಾದರೆ ನಾನು. ಚಪ್ಪಲಿ ಮಾತ್ರ ನಿಜವಾಗಿ ನಾನೇ, ಒಪ್ಪಿಕೊಳ್ಳುತ್ತೇನೆ. ಉಳಿದದ್ದು ಅನ್ಯಾಯ.

ಮುಂಬೈ ಕಾಂದಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ನನಗೆ ಜೋಕರ್ ಅಂತಲೇ ಹೆಸರು. ಬೇರೆಯವರು ಒಂದೇ ಸಲ ಓದಿ ಬಿಟ್ಟುಬಿಡುವ ಹತ್ತನೇ ಕ್ಲಾಸನ್ನು ನಾನು ಎರಡು ಸಲ ಓದಿದ್ದೇನೆ, ಆದರೂ ಬುದ್ಧಿ ಇಲ್ಲದವನು ನಾನಂತೆ. ಈ ಸಲದ ಪಾಯಿಂಟ್ ಪ್ರಕರಣ ಕೇಳಿ, ಆಮೇಲೆ ನೀವೇ ಹೇಳಿ ಜೋಕರ್ ಯಾರು ಅಂತ.

ಅಪ್ಪ ವಿಜಯಪುರದವರು, ದಾದರಿನ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚಿಡುವ ಕೆಲಸ. ಅವರ ಹತ್ತಿರ ರೈಲು ಟಿಕೆಟ್ ತೆಗೆಯುವ ಒಂದು ಕಾರ್ಡಿದೆ. ಅದರಲ್ಲಿ ಎಸಿ ಟಿಕೆಟ್ ತೆಗೆದರೆ ಪಾಯಿಂಟ್ ಬೀಳುತ್ತವೆ, ಪಾಯಿಂಟ್ ಸಾಕಷ್ಟು ಕೂಡಿದರೆ ಟಿಕೆಟ್ ಪುಕ್ಕಟೆ. ನಾವು ಎಸಿಯಲ್ಲಿ ಹೋಗುವವರಲ್ಲ. ಬಿಲ್ಡಿಂಗ್‌ನ ಕನ್ನಡದವರಿಗೆಲ್ಲ ಊರಿನ ಟಿಕೆಟ್ ತೆಗೆದುಕೊಡುವವರು ಅಪ್ಪ. ಅವರೆಲ್ಲ ಎಸಿಯಲ್ಲಿ ಹೋಗುತ್ತಾರೆ, ಪಾಯಿಂಟ್ ಅಪ್ಪನ ಕಾರ್ಡಿಗೆ ಬರುತ್ತವೆ.

ಅವ್ವನಿಗೆ ಇರುವುದು ಒಂದೇ ಆಸೆ. ಸೋಲಾಪುರದ ತನ್ನ ಅಕ್ಕನ ಮನೆಗೆ ಒಮ್ಮೆಯಾದರೂ ಎಸಿಯಲ್ಲಿ ಹೋಗಬೇಕು, ಡಬ್ಬಿಯಲ್ಲಿ ಕೊಡುವ ಬಿಳಿ ಚಾದರ ಹಾಸಿ, ದಿಂಬಿಟ್ಟುಕೊಂಡು ಮಲಗಬೇಕು. ಪ್ರತಿ ದೀಪಾವಳಿಗೆ ಅಪ್ಪನದು ಒಂದೇ ಮಾತು, ಪಾಯಿಂಟ್ ಇನ್ನೊಂದಿಷ್ಟು ಕೂಡಲಿ. ಪಾಯಿಂಟ್ ಕೂಡುತ್ತಲೇ ಹೋದವು. ಅವ್ವ ಮಾತ್ರ ಸ್ಲೀಪರ್ ಡಬ್ಬಿಯಲ್ಲಿ, ಸಂಡಾಸಿನ ಪಕ್ಕದ ಸೈಡ್ ಬರ್ತಿನಲ್ಲಿ, ಮೊಣಕಾಲು ಮಡಚಿಕೊಂಡೇ ಸೋಲಾಪುರ ಮುಟ್ಟಿದಳು.

ನಿಜ ಹೇಳಿದ್ದಕ್ಕೆ ಏಟು

ಆ ದಿನ ಅಪ್ಪನ ಮೊಬೈಲ್ ನನ್ನ ಕೈಯಲ್ಲಿತ್ತು. ಮೆಸೇಜ್ ಬಂತು. ಈ ತಿಂಗಳು ಮುಗಿಯುವುದರೊಳಗೆ ಏನಾದರೂ ಮಾಡದಿದ್ದರೆ ನಿಮ್ಮ ಪಾಯಿಂಟ್ ಎಲ್ಲ ಎಕ್ಸ್‌ಪೈರ್ ಆಗುತ್ತವೆ ಅಂತ. ಮನೆಯ ಮಗ ಅಂದಮೇಲೆ ಜವಾಬ್ದಾರಿ ಇರುತ್ತದಲ್ಲ, ಓದಿ ಹೇಳಿದೆ.

ಅಪ್ಪ ಬೆನ್ನಿಗೊಂದು ಕೊಟ್ಟರು. "ನಿನ್ನ ಕಿತಾಪತಿ ಎಲ್ಲಾ ನನಗ ಗೊತ್ತೈತಿ. ಇಂಥಾವನ್ನೆಲ್ಲಾ ನಂಬಾಕ ನಾ ಏನ್ ಹುಚ್ಚ ಅದೀನೇನು?"

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ಹಿಂದಿನ ವರ್ಷ ನಾನೇ ಗೆಳೆಯನ ನಂಬರಿನಿಂದ ಅಪ್ಪನಿಗೆ ಒಂದು ಮೆಸೇಜ್ ಕಳಿಸಿದ್ದೆ. ಅಭಿನಂದನೆಗಳು, ನಿಮಗೆ ಮಿಕ್ಸರ್ ಬಹುಮಾನ ಬಂದಿದೆ, ದಾದರ್ ಸ್ಟೇಷನ್ನಿನ ಬ್ರಿಜ್ ಮೇಲೆ ಬಂದು ತೆಗೆದುಕೊಂಡು ಹೋಗಿ ಅಂತ. ಯಾವ ಅಂಗಡಿಯವನು ಬ್ರಿಜ್ ಮೇಲೆ ಮಿಕ್ಸರ್ ಹಂಚುತ್ತಾನೆ? ಅಪ್ಪ ಅರ್ಧ ದಿನ ರಜೆ ಹಾಕಿ, ದೊಡ್ಡ ಚೀಲ ಹಿಡಿದುಕೊಂಡು ಹೋಗಿ, ಆ ಜನರ ಗರ್ದಿಯಲ್ಲಿ ನಿಂತು ಬಂದರು.

ಅಂದರೆ ಸುಳ್ಳು ಮೆಸೇಜಿಗೆ ರಜೆ, ನಿಜವಾದ ಮೆಸೇಜಿಗೆ ಏಟು. ಇಂಥ ಮನೆಯಲ್ಲಿ ಹುಡುಗರು ಹಾಳಾಗದೆ ಇನ್ನೇನಾಗುತ್ತಾರೆ?

ಮಲಗಿದವರು ಯಾರು

ನನ್ನ ಮಾತು ನಂಬದ ಅಪ್ಪ ಅದೇ ಮೆಸೇಜನ್ನು ಮೇಲಿನ ಮಹಡಿಯ ಹೋಟೆಲ್ ಅಣ್ಣನಿಗೆ ತೋರಿಸಿದರು. ಅಣ್ಣ ಉಡುಪಿಯವರು, ಸ್ಟೇಷನ್ ಹತ್ತಿರ ಅವರ ಇಡ್ಲಿ ಹೋಟೆಲ್ಲಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಹೊಸ ಕಾಯ್ದೆಯಂತೆ. ವರ್ಷಕ್ಕೊಮ್ಮೆ ಕಾರ್ಡಿನ ಮಾಲೀಕ ಸ್ವತಃ ಎಸಿಯಲ್ಲಿ ಪ್ರಯಾಣ ಮಾಡಬೇಕು, ಇಲ್ಲದಿದ್ದರೆ ಪಾಯಿಂಟ್ ಹೋದ ಹಾಗೆಯೇ. ನಾನು ಹೇಳಿದ್ದೇ ನಿಜವಾಯಿತು. ಯಾರಾದರೂ ನನ್ನ ಬೆನ್ನು ನೇವರಿಸಿದರೇ? ಇಲ್ಲ.

ಮೆಸೇಜಿನ ಕೆಳಗೆ ಒಟ್ಟು ಪಾಯಿಂಟ್ ಎಷ್ಟು ಅಂತಲೂ ಇತ್ತು. ಅದನ್ನು ನೋಡಿದ ಅಣ್ಣ ಕನ್ನಡಕ ತೆಗೆದರು.

"ಅಲ್ಲ ಮಾರಾಯ್ರೆ, ಊರಿಗೆ ಹೋದದ್ದು ನಾನು, ಸೀಟಿನಲ್ಲಿ ಮಲಗಿದ್ದು ನಾನು. ನಿಮಗೆ ಎಂತಕ್ಕೆ ಪಾಯಿಂಟು?"

"ಮುಂಜಾನೆ ಎದ್ದು ಟಿಕೆಟ್ ತೆಗ್ದಾಂವ ಯಾರ್ರಿ ಮತ್ತ?" ಅಂದರು ಅಪ್ಪ.

"ನೀವು ತೆಗೆದದ್ದು ಒಂದು ಬೆರಳಿಂದ. ನನ್ನದು ಇಡೀ ಬೆನ್ನು ಹೋಗಿದೆ ಅದರಲ್ಲಿ."

ಗಲಾಟೆ ಕೇಳಿ ಉಳಿದವರೂ ಮೆಟ್ಟಿಲ ಮೇಲೆ ಸೇರಿದರು. ಅಪ್ಪ ಟಿಕೆಟ್ ತೆಗೆದುಕೊಟ್ಟಾಗ ಉಪಕಾರ ಅಂದವರೆಲ್ಲ ಈಗ ಪಾಲು ಕೇಳತೊಡಗಿದರು. ರಿಟೈರಾದ ಟೀಚರ್ ಒಬ್ಬರು, ತನಗೆ ಯಾವಾಗಲೂ ಮೇಲಿನ ಬರ್ತೇ ಸಿಕ್ಕಿದ್ದು, ಹತ್ತಿದ ಶ್ರಮಕ್ಕೆ ಒಂದಿಷ್ಟು ಹೆಚ್ಚು ಪಾಯಿಂಟ್ ಬರಬೇಕು ಅಂದರು. ನಾನು ನ್ಯಾಯವಾದ ಒಂದು ದಾರಿ ಸೂಚಿಸಿದೆ. ಎಲ್ಲರನ್ನೂ ತಕ್ಕಡಿಯಲ್ಲಿ ತೂಗೋಣ, ಬರ್ತನ್ನು ಯಾರು ಹೆಚ್ಚು ಬಗ್ಗಿಸಿದ್ದಾರೋ ಅವರಿಗೆ ಹೆಚ್ಚು ಪಾಯಿಂಟ್. ಎಲ್ಲರೂ ಹೋಟೆಲ್ ಅಣ್ಣನ ಹೊಟ್ಟೆ ನೋಡಿ ನಕ್ಕರು, ಜಗಳ ಅಲ್ಲಿಗೇ ನಿಂತಿತು. ಜಗಳ ನಿಲ್ಲಿಸಿದ್ದಕ್ಕೆ ನನಗೆ ಸಿಕ್ಕಿದ್ದು ಅಪ್ಪನಿಂದ ಕಿವಿ ಹಿಂಡಿಸಿಕೊಳ್ಳುವ ಭಾಗ್ಯ.

ಅಣ್ಣ ಮಾತ್ರ ಮರೆಯಲಿಲ್ಲ. ಮರುದಿನದಿಂದ ಅವರ ಹೋಟೆಲಿನಲ್ಲಿ ಇಡೀ ಮುಂಬೈಗೆ ಸಾಂಬಾರ್ ಎಷ್ಟು ಸಲ ಬೇಕಾದರೂ ಪುಕ್ಕಟೆ, ಅಪ್ಪನಿಗೆ ಎರಡನೇ ಸಲಕ್ಕೆ ಬಿಲ್ಲು.

ಓಡಿದ ಟಿಸಿ

ಎಸಿಯಲ್ಲಿ ಪ್ರಯಾಣ ಆಗಬೇಕು ಅಷ್ಟೇ ತಾನೇ ಅಂತ ಅಪ್ಪ ಒಂದು ಉಪಾಯ ಹೂಡಿದರು. ಲೋಕಲ್ ರೈಲುಗಳಲ್ಲೂ ಎಸಿ ಲೋಕಲ್ ಇದೆಯಲ್ಲ. ಕೆಲಸಕ್ಕೆ ಹೇಗೂ ದಾದರಿಗೆ ಹೋಗಲೇಬೇಕು, ಒಂದು ದಿನ ಅದರಲ್ಲಿ ಹೋದರಾಯಿತು. ಅದು ನಡೆಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಹೇಳಿದೆ ಕೂಡ. ನಿನ್ನನ್ನು ಕೇಳಿಲ್ಲ ಅಂದರು. ಸರಿ, ಕೇಳದಿದ್ದವರಿಗೆ ಹೇಳುವ ರೀತಿಯಲ್ಲೇ ಹೇಳೋಣ ಅಂದುಕೊಂಡು, ಪ್ರಯಾಣ ಮಾಡಿದ್ದಕ್ಕೆ ಸಾಕ್ಷಿ ಬೇಕಂತೆ, ಟಿಸಿ ಜೊತೆ ಒಂದು ಸೆಲ್ಫಿ ತೆಗೆದು ಕಳಿಸಬೇಕಂತೆ ಅಂದೆ. ಇದನ್ನು ಮಾತ್ರ ತಕ್ಷಣ ನಂಬಿದರು.

ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. ನಾನೂ ಜೊತೆಗೆ ಹೋದೆ, ಅಂಥ ದೃಶ್ಯ ಬಿಡಲು ನನಗೇನು ಹುಚ್ಚೇ? ಗೋರೆಗಾಂವ್ ದಾಟಿದ ಮೇಲೆ ಟಿಸಿ ಕಂಡರು. ಅಪ್ಪ ಜನರನ್ನು ಸರಿಸಿಕೊಂಡು ಅವರ ಕಡೆ ನುಗ್ಗಿದರು. ಟಿಕೆಟ್ ತೋರಿಸಿದರು. ಠೀಕ್ ಹೈ ಅಂತ ಟಿಸಿ ಮುಂದೆ ಹೋದರು. ಅಪ್ಪ ಬಿಡಲಿಲ್ಲ, ಒಂದು ಫೋಟೋ ಸಾಬ್ ಅಂತ ಹೆಗಲ ಮೇಲೆ ಕೈ ಹಾಕಿದರು. ಟಿಸಿ ಹೆಗಲು ಕೊಡವಿದರು. ಅಪ್ಪ ಇನ್ನೊಂದು ಹೆಗಲು ಹಿಡಿದರು. ಇದೇನೋ ವಿಡಿಯೋ ಮಾಡಿ ತನ್ನ ಕೆಲಸಕ್ಕೆ ಕಲ್ಲು ಹಾಕುವ ಸಂಚು ಅಂತ ಅವರಿಗೆ ಅನಿಸಿರಬೇಕು. ಅಂಧೇರಿಯಲ್ಲಿ ಬಾಗಿಲು ತೆರೆದದ್ದೇ ತಡ, ಇಳಿದು ಜನರ ನಡುವೆ ಮಾಯವಾದರು.

ಮುಂಬೈ ಲೋಕಲ್‌ನಲ್ಲಿ ಟಿಸಿ ನೋಡಿ ಓಡುವವರನ್ನು ದಿನಾ ನೋಡುತ್ತೇನೆ. ಟಿಕೆಟ್ ಇದ್ದವನನ್ನು ನೋಡಿ ಟಿಸಿ ಓಡಿದ್ದನ್ನು ನೋಡಿದ್ದು ಅದೊಂದೇ ಸಲ.

ಉಳಿಸಬೇಕೋ ಬಳಸಬೇಕೋ

ಕೊನೆಗೆ ಅಪ್ಪ ಕಾರ್ಡಿನ ಕಂಪನಿಗೆ ಫೋನ್ ಮಾಡಿದರು. ಅತ್ತ ಕಡೆಯಿಂದ ಬರೀ ಸಂಗೀತ. ನಾವು ಊಟ ಮಾಡಿ ತಟ್ಟೆ ತೊಳೆಯುವವರೆಗೂ ಸ್ಪೀಕರಿನಲ್ಲಿ ಅದೇ ಸಂಗೀತ. ಆಮೇಲೆ ಒಬ್ಬ ಹುಡುಗಿ ಬಂದಳು. ಲೋಕಲ್ ಲೆಕ್ಕಕ್ಕಿಲ್ಲ, ಟಿಕೆಟ್ ತೆಗೆದು ಕ್ಯಾನ್ಸಲ್ ಮಾಡಿದರೂ ಇಲ್ಲ, ದೂರದ ಗಾಡಿಯ ಎಸಿ ಡಬ್ಬಿಯಲ್ಲಿ ಹೋಗಲೇಬೇಕು ಅಂದಳು. ಅಪ್ಪ ಬಹಳ ಗಂಭೀರವಾಗಿ ಕೇಳಿದರು, ಕುಳಿತುಕೊಂಡು ಹೋದರೆ ಸಾಕೋ, ಮಲಗಲೇಬೇಕೋ ಅಂತ. ಹುಡುಗಿ ಮತ್ತೆ ಸಂಗೀತ ಹಾಕಿದಳು.

ಅವ್ವ ಹತ್ತಿರ ಬಂದು ಕುಳಿತಳು. ಹೇಗೂ ಸಾಯುವ ಪಾಯಿಂಟ್, ಅದರಲ್ಲೇ ಸೋಲಾಪುರಕ್ಕೆ ಟಿಕೆಟ್ ತೆಗೆಯಿರಿ, ಅಕ್ಕನನ್ನೂ ನೋಡಿದ ಹಾಗಾಗುತ್ತದೆ ಅಂದಳು. ಇಡೀ ಪ್ರಕರಣದಲ್ಲಿ ಬುದ್ಧಿ ಇರುವವರು ಆಡಿದ ಮಾತು ಇದೊಂದೇ.

ಅಪ್ಪ ಅವಳನ್ನೇ ನೋಡಿದರು, ಮನೆ ಮಾರು ಅಂದವಳನ್ನು ನೋಡುವ ಹಾಗೆ. "ಖರ್ಚು ಮಾಡಿದ್ರ ಪಾಯಿಂಟ್ ಉಳೀತಾವೇನು?"

ಅವರ ತೀರ್ಮಾನ ಹೀಗಿತ್ತು. ರೊಕ್ಕ ಕೊಟ್ಟು ಎಸಿ ಟಿಕೆಟ್ ತೆಗೆಯುವುದು, ದಾದರಿನಲ್ಲಿ ಹತ್ತಿ ಮುಂಬೈ ಅಂಚಿನ ಕಲ್ಯಾಣದಲ್ಲಿ ಇಳಿದುಬಿಡುವುದು, ಲೋಕಲ್‌ನಲ್ಲಿ ವಾಪಸ್ ಬರುವುದು. ಆಯಿತು ಪ್ರಯಾಣ, ಉಳಿದವು ಪಾಯಿಂಟ್. ಆದರೆ ಎಸಿಯಲ್ಲಿ ಎಷ್ಟೇ ಹತ್ತಿರ ಇಳಿದರೂ ದೂರದ ದರವನ್ನೇ ಹಿಡಿಯುತ್ತಾರೆ. ಕಲ್ಯಾಣಕ್ಕೆ ಕೊಡುವ ರೊಕ್ಕದಲ್ಲಿ ಪುಣೆ ದಾಟಿ ಹೋಗಬಹುದು. ಅದನ್ನು ನೋಡಿ ಅಪ್ಪನಿಗೆ ಹೊಟ್ಟೆ ಉರಿಯಿತು, ಆದರೂ ತೆಗೆದರು. ನನ್ನ ಬಿಟ್ಟು ನೀವೊಬ್ಬರೇ ಎಸಿ ಹತ್ತಿ ನೋಡಿ ಅಂತ ಅವ್ವ ಅಂದದ್ದಕ್ಕೆ ಅವಳಿಗೂ ಒಂದು, ಮೊಬೈಲ್‌ನಲ್ಲಿ ಟಿಕೆಟ್ ತೋರಿಸಲು ನನಗೂ ಒಂದು.

ಪುಕ್ಕಟೆ ಟಿಕೆಟ್ಟುಗಳನ್ನು ಉಳಿಸಿಕೊಳ್ಳಲು ರೊಕ್ಕ ಕೊಟ್ಟು ಮೂರು ಟಿಕೆಟ್ ತೆಗೆದವರು ನನ್ನನ್ನು ಎರಡು ಸಲ ಗಣಿತದಲ್ಲಿ ಫೇಲಾದವನು ಅಂತಾರೆ.

ಕಲ್ಯಾಣ ಬಂತು

ಬೆಳಗಿನ ಗಾಡಿ, ಸೋಲಾಪುರದ ಮೇಲೆ ಹಾದು ಹೋಗುವಂಥದ್ದು. ಅವ್ವ ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಡಬ್ಬಿಯ ಹುಡುಗ ಕಾಗದದ ಪೊಟ್ಟಣದಲ್ಲಿ ಚಾದರ, ದಿಂಬು, ಕಂಬಳಿ ಕೊಟ್ಟ. ಕಲ್ಯಾಣಕ್ಕೆ ಇದೆಲ್ಲ ಯಾಕೆ ಅಂತ ಅಪ್ಪ ಕೇಳುವುದರೊಳಗೆ ಅವ್ವ ಪೊಟ್ಟಣ ಹರಿದಾಗಿತ್ತು. ಮೊಣಕಾಲು ನೋವು ಅಂತ ನಮ್ಮ ಬಿಲ್ಡಿಂಗ್‌ನ ಒಂದೇ ಮಹಡಿಗೆ ಲಿಫ್ಟ್ ಕಾಯುವವಳು, ಸರಸರ ಮೇಲಿನ ಬರ್ತಿಗೆ ಹತ್ತಿಬಿಟ್ಟಳು. ಚಾದರ ಹಾಸಿದಳು, ಒಂದು ಸುಕ್ಕೂ ಇಲ್ಲದ ಹಾಗೆ ಸವರಿದಳು, ದಿಂಬಿಗೆ ತಲೆ ಕೊಟ್ಟಳು.

ಠಾಣೆ ಬರುವ ಮುಂಚೆ ಟಿಸಿ ಬಂದು ನಮ್ಮ ಹೆಸರುಗಳಿಗೆ ಗುರುತು ಹಾಕಿಕೊಂಡು ಹೋದರು. ಅಪ್ಪ ಎರಡೂ ಕೈ ಮುಗಿದರು. ಪಾಯಿಂಟ್ ಬದುಕಿದವು.

ಕಲ್ಯಾಣ ಬಂತು. ನಾನೂ ಅಪ್ಪನೂ ಎದ್ದೆವು.

"ಇಳೀ, ಕಲ್ಯಾಣ ಬಂತು."

"ಬರಲಿ," ಅಂತ ಮೇಲಿಂದ ದನಿ ಬಂತು.

"ಬರಲಿ ಅಂದ್ರ? ಗಾಡಿ ಹೊಂಡತೈತಿ."

"ನೀವು ಇಳೀರಿ. ಪುಣೆ ದಾಟುಮಟ ರೊಕ್ಕ ಕೊಟ್ಟೀರಿ, ನಾ ಯಾಕ ಇಲ್ಲೇ ಇಳೀಲಿ? ನನಗಿನ್ನೂ ನಿದ್ದೀನ ಹತ್ತಿಲ್ಲ."

ಅಪ್ಪ ನನ್ನನ್ನು ನೋಡಿದರು, ಇದೂ ನನ್ನದೇ ಕಿತಾಪತಿ ಅನ್ನುವ ಹಾಗೆ. ದೇವರಾಣೆ ಅಲ್ಲ. ನನಗೆ ಇಷ್ಟು ಒಳ್ಳೆಯದು ಹೊಳೆಯುವುದಿಲ್ಲ. ಅಪ್ಪ ಚಾದರದ ತುದಿ ಹಿಡಿದು ಜಗ್ಗಿದರು. ಚಾದರ ಬಂತು, ಅವ್ವ ಬರಲಿಲ್ಲ, ಕಂಬಳಿ ಹೊದ್ದುಕೊಂಡಳು. ಅಪ್ಪನದು ಬಟ್ಟೆ ಅಂಗಡಿಯ ಕೈ, ಬಿಚ್ಚಿದ ಬಟ್ಟೆ ಸಿಕ್ಕರೆ ಸುಮ್ಮನಿರುವುದಿಲ್ಲ. ನಿಂತಲ್ಲೇ ಆ ಚಾದರವನ್ನು ಮಡಚತೊಡಗಿದರು. ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ ಮುಗಿಸುವಷ್ಟರಲ್ಲಿ ಪ್ಲಾಟ್‌ಫಾರ್ಮೂ ಮುಗಿಯಿತು.

ಕರ್ಜತ್ ಹತ್ತಿರ ಅದೇ ಟಿಸಿ ಮತ್ತೆ ಬಂದರು. ಕಲ್ಯಾಣದಲ್ಲಿ ಇಳಿಯಬೇಕಾದವರು ಇಲ್ಲೇ ಕುಳಿತಿರುವುದನ್ನು ನೋಡಿ ಪುಸ್ತಕ ತೆಗೆದರು. ಮುಂದಿನ ದರ ಬೇರೆ, ದಂಡ ಬೇರೆ, ಮೂವರಿಗೂ. ಕಹಾಂ ತಕ್, ಎಲ್ಲಿಯವರೆಗೆ ಅಂತ ಕೇಳಿದರು. ಮೇಲಿನ ಬರ್ತಿನ ಕಂಬಳಿಯೊಳಗಿಂದ ಬಳೆ ತೊಟ್ಟ ಒಂದು ಕೈ ಹೊರಗೆ ಬಂತು, ಗಾಡಿ ಹೋಗುತ್ತಿದ್ದ ದಿಕ್ಕಿಗೆ ಬೆರಳು ಮಾಡಿತು.

"ಸೋಲಾಪುರ. ಮತ್ತ ಅವರಿಗೆ ಆ ಲೈಟ್ ಒಂದೀಟು ಆರಸಾಕ ಹೇಳ್ರಿ, ಕಣ್ಣಿಗೆ ಹೊಡೀತೈತಿ."

ಟಿಸಿ ಲೈಟ್ ಆರಿಸಿದರು. ರಸೀದಿ ಬರೆದು ಹರಿದು ಕೊಟ್ಟರು. ಅಪ್ಪ ಜೇಬು ಬರಿದು ಮಾಡಿ ರೊಕ್ಕ ಕೊಟ್ಟರು, ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ಓದಿದರು. ಟಿಸಿ ಮುಂದಿನ ಸೀಟಿಗೆ ಹೋಗುವುದರಲ್ಲಿದ್ದರು. ಅಪ್ಪ ಮೆಲ್ಲಗೆ ಅವರ ಕೋಟಿನ ತೋಳು ಹಿಡಿದರು.

"ಸಾಬ್, ಈ ದಂಡದ ಮೇಲೆ ಪಾಯಿಂಟ್ ಮಿಲೇಗಾ ಕ್ಯಾ?"