ಸ್ಟ್ಯಾನ್ಮೋರಿನ ಕರಿಯಮ್ಮ

ಕಲೆಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಅದು ಮ್ಯೂಸಿಯಮ್ಮಿನಲ್ಲಿ, ನಾನು ಮನೆಯಲ್ಲಿ, ಹೀಗೆ ಎಷ್ಟೋ ವರ್ಷ ಒಬ್ಬರಿಗೊಬ್ಬರು ತೊಂದರೆ ಕೊಡದೆ ಬಾಳಿಕೊಂಡು ಬಂದಿದ್ದೆವು. ಹಸುವಿನ ಚಿತ್ರವೆಂದರೆ ಅದಕ್ಕೆ ನಾಲ್ಕು ಕಾಲಿರಬೇಕು ಎಂಬುದಷ್ಟೇ ನನ್ನ ಸೌಂದರ್ಯಮೀಮಾಂಸೆ. ಇಂಥವನ ಮಗಳು ನಿಧಿ, ಇಲ್ಲಿ ಇಂಗ್ಲಿಷರ ನಾಡಿನಲ್ಲಿ ಪಿಯುಸಿಗೆ ಸಮನಾದ ಎ-ಲೆವೆಲ್ಲಿಗೆ ಕಲೆಯನ್ನೇ ಆರಿಸಿಕೊಂಡು, ಕಾಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಅಮೂರ್ತ ಚಿತ್ರ ಬರೆದು, ಅದಕ್ಕೆ ಎಲ್ಲಕ್ಕಿಂತ ಮೇಲಿನ ದರ್ಜೆ ಎ-ಸ್ಟಾರ್ ಕೂಡ ಗಿಟ್ಟಿಸಿದಳು.

ಚಿತ್ರವೆಂದರೆ ನನ್ನ ಎದೆಯೆತ್ತರದ ಕಪ್ಪು. ಆ ಕಪ್ಪಿನೊಳಗೆ ಇನ್ನೊಂದು ಕಪ್ಪು, ನಡುವೆ ಒಗ್ಗರಣೆ ಸಿಡಿದ ಹಾಗೆ ಕೆಂಪು. ಕಾರಿನಲ್ಲಿ ಹಿಡಿಯದ ಕಾರಣ ಶಾಲೆಯಿಂದ ಟ್ಯೂಬ್ ರೈಲಿನಲ್ಲೇ ತಂದೆವು. ಸಂಜೆಯ ನೂಕುನುಗ್ಗಲಿನಲ್ಲೂ ಜನ ಒಮ್ಮೆ ಅದನ್ನು ನೋಡಿ, ನಮ್ಮ ಸುತ್ತ ಧಾರಾಳವಾಗಿ ಜಾಗ ಬಿಟ್ಟು ನಿಂತರು. ನಮ್ಮ ಮನೆಯಿರುವ ಸ್ಟ್ಯಾನ್ಮೋರ್ ತಲುಪುವಷ್ಟರಲ್ಲಿ ನನಗೆ ಆ ಚಿತ್ರದ ಮೇಲೆ ಅಪಾರ ಗೌರವ ಹುಟ್ಟಿತ್ತು. ಆ ಉತ್ಸಾಹದಲ್ಲಿ, "ಲಿವಿಂಗ್ ರೂಮಿನ ಗೋಡೆಗೇ ಹಾಕೋಣ ಪುಟ್ಟಿ," ಎಂದು ಮಾತು ಕೊಟ್ಟುಬಿಟ್ಟೆ.

ಆ ಗೋಡೆ ನನ್ನದಲ್ಲ ಎಂಬುದು ಆಮೇಲೆ ನೆನಪಾಯಿತು. ನನ್ನ ಹೆಂಡತಿ ವಸುಧಾ ಮಕ್ಕಳ ಡಾಕ್ಟರು. ಆಸ್ಪತ್ರೆಯಲ್ಲಿ ವಿಜ್ಞಾನ, ಮನೆಯಲ್ಲಿ ಮೈಸೂರು. ಚಿತ್ರ ನೋಡಿದವಳೇ, "ಉಗ್ರದೇವತೇನ ಮನೇಲಿ ಇಡಬಾರ್ದು ರೀ. ಗರಾಜಿಗೆ ಹಾಕಿ," ಎಂದಳು.

"ಇಟ್ಸ್ ಫೈನ್," ಎಂದಳು ನಿಧಿ. ಬೆಳೆದ ಮಕ್ಕಳಿರುವವರಿಗೆ ಗೊತ್ತು, ಇಂಗ್ಲಿಷಿನಲ್ಲಿ ಇದಕ್ಕಿಂತ ಭಯಂಕರವಾದ ಮಾತಿಲ್ಲ. ಅವಳು ಆಗಲೇ ಚಿತ್ರವನ್ನು ಗೋಡೆಯ ಕಡೆಗೆ ಮುಖ ಮಾಡಿ ತಿರುಗಿಸುತ್ತಿದ್ದಳು. ಇದು ಗರಾಜು ಸೇರಿದರೆ ಹಿಂದೆಯೇ ಅವಳ ಬ್ರಷ್ಷುಗಳೂ ಸೇರುತ್ತವೆ ಎಂದು ನನಗೆ ಖಾತ್ರಿಯಾಯಿತು.

ಚಿತ್ರವನ್ನು ಮತ್ತೆ ಈಚೆ ತಿರುಗಿಸಿ, ಗಂಟಲು ಸರಿಮಾಡಿಕೊಂಡು ಶಾಸ್ತ್ರಾರ್ಥಕ್ಕಿಳಿದೆ. "ನೋಡು ವಸುಧಾ, ಕಣ್ಣು ಬಿಡಿಸೋ ತನಕ ವಿಗ್ರಹ ಬರೀ ಕಲ್ಲು. ಇದಕ್ಕೆ ಕಣ್ಣೇ ಇಲ್ಲ. ಆದ್ದರಿಂದ ಇದು ದೇವತೆ ಅಲ್ಲ, ಪೇಂಟು."

"ಕಣ್ಣಿಲ್ಲ ಅಂತ ಯಾರು ಹೇಳಿದ್ದು? ಆಗ್ಲಿಂದ ನನ್ನೇ ದುರುಗುಟ್ಕೊಂಡು ನೋಡ್ತಿದೆ!"

ಆಗ ನಿಧಿ ಮೆಲ್ಲಗೆ ಹೇಳಿದಳು: "ಅಮ್ಮಾ, ಇಟ್ ಸ್ಟಾರ್ಟೆಡ್ ಆ್ಯಸ್ ಕಾಳಿ. ದೆನ್ ಇಟ್ ಬಿಕೇಮ್ ಯೂ."

ಎರಡು ವರ್ಷದ ಹಿಂದೆ, ನಿಧಿ ಆರ್ಟ್ ಬಿಟ್ಟು ಕೆಮಿಸ್ಟ್ರಿ ತೆಗೆದುಕೊಳ್ಳಲಿ ಎಂದು ಶಾಲೆಯವರು ಪಟ್ಟು ಹಿಡಿದಿದ್ದಾಗ, ವಸುಧಾ ವಾರ್ಡಿನಿಂದ ನೇರವಾಗಿ, ಬಿಚ್ಚಿಹೋದ ಜಡೆಯಲ್ಲೇ ಅಲ್ಲಿಗೆ ನುಗ್ಗಿದ್ದಳು. ಮೇಷ್ಟರಿಗೆ ಬಾಯಿ ತೆರೆಯಲು ಅವಕಾಶವೇ ಸಿಗಲಿಲ್ಲವಂತೆ. "ಯೂ ವರ್ ಟೆರಿಫೈಯಿಂಗ್," ಎಂದ ನಿಧಿ, ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಕನ್ನಡಕ್ಕಿಳಿದಳು. "ನಂಗೆ ಮಾತ್ರ ಭಯ ಆಗ್ಲಿಲ್ಲ."

ವಸುಧಾ ಎಕ್ಸ್‌ರೇ ನೋಡುವವಳಂತೆ ಚಿತ್ರದ ಮುಂದೆ ತುಂಬ ಹೊತ್ತು ನಿಂತಳು. "ನಾನು ಇಷ್ಟು ಕಪ್ಪಗಿದೀನೇನೇ?"

"ದಟ್ಸ್ ಹೇರ್, ಅಮ್ಮಾ."

"ಇಷ್ಟೂ ಕೂದಲಾ?" ದನಿಯಲ್ಲಿ ಸಂತೋಷ ಅಡಗಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಏನ್ರೀ ನಿಂತಿದೀರಾ? ಡ್ರಿಲ್ ತನ್ನಿ. ಬಾಗಿಲು ತೆಗೆದ ತಕ್ಷಣ ಕಾಣ್ಬೇಕು!"

ಹಾಕಿದೆ. ದಿಗ್ವಿಜಯ ಮುಗಿಸಿದ ಅರಸನ ಠೀವಿಯಲ್ಲಿ ಏಣಿಯಿಂದಿಳಿದು, "ಇದ್ರಲ್ಲಿ ನಾನೆಲ್ಲೂ ಇಲ್ವಲ್ಲ ಪುಟ್ಟಿ?" ಎಂದು ಕೇಳಿದೆ. ಕೇಳಬಾರದಿತ್ತು. ಅವಳು ತಳದಲ್ಲಿ ಉದ್ದಕ್ಕೆ ಬಿದ್ದಿದ್ದ ಒಂದು ಬೂದುಬಣ್ಣದ ಗೀಟು ತೋರಿಸಿದಳು. "ದಟ್ಸ್ ಯೂ, ಅಪ್ಪಾ. ಕಾಲ ಕೆಳಗೆ."

ಈಗ ಮನೆಗೆ ಬಂದವರಿಗೆಲ್ಲ ನಾನು ಮೊದಲು ತೋರಿಸುವುದು ಆ ಗೀಟನ್ನೇ. ಕಾಳಿಯ ಕಾಲಡಿ ಮಲಗಲು ಸಾಕ್ಷಾತ್ ಶಿವನೇ ನಾಚಲಿಲ್ಲ, ನನ್ನದೇನು? ಅಲ್ಲದೆ, ನಾನಲ್ಲಿ ಬಿದ್ದುಕೊಂಡಿರದಿದ್ದರೆ ಆ ಮಹಾತಾಯಿ ನಿಲ್ಲುವುದಾದರೂ ಯಾವುದರ ಮೇಲೆ? ಈ ಕೊನೆಯ ಮಾತನ್ನು ಮಾತ್ರ ವಸುಧಾ ಡ್ಯೂಟಿಗೆ ಹೋಗಿದ್ದಾಗ ಹೇಳುತ್ತೇನೆ.