ಹೊಸ್ತಿಲಿಲ್ಲದ ಮನೆಯ ನಮ್ಮಣ್ಣ

ಬೇರೆಯವರ ಅಣ್ಣಂದಿರು ತಂಗಿಯ ಮನೆಗೆ ಬರುವಾಗ ಬಾಳೆಹಣ್ಣು ತರುತ್ತಾರೆ, ಹೂವು ತರುತ್ತಾರೆ, ತೀರಾ ಜಿಪುಣರಾದರೆ ಬಿಸ್ಕತ್ತಿನ ಪ್ಯಾಕೆಟ್ಟಾದರೂ ತರುತ್ತಾರೆ. ನಮ್ಮಣ್ಣ ಮನೆಯನ್ನೇ ತರುತ್ತಾನೆ! ತಂದು, ಅಜ್ಜಂಪುರದ ನಮ್ಮ ಅಂಗಳದಲ್ಲಿ ತುಳಸಿಕಟ್ಟೆಗೆ ಒಂದು ಗೇಣು ಬಿಟ್ಟು ನಿಲ್ಲಿಸಿ ಹಾರ್ನ್ ಹೊಡೆಯುತ್ತಾನೆ. ಕಟ್ಟೆಗೆ ತಗುಲಿಸಲಿಲ್ಲವಲ್ಲ, ಅದೊಂದು ಪುಣ್ಯ ಎಂದುಕೊಂಡು ನಾನು ಹೊರಗೆ ಬರುತ್ತೇನೆ.

ಲಕ್ಕವಳ್ಳಿ ಡ್ಯಾಮಿನಲ್ಲಿ ಜೀಪು ಓಡಿಸಿ ರಿಟೈರ್ ಆದವನು. ಅತ್ತಿಗೆ ತೀರಿಕೊಂಡ ಮೇಲೆ ಕಡೂರಿನ ಮನೆ ಮಾರಿ, ಯಾವುದೋ ಸ್ಕೂಲಿನ ಹಳೇ ವ್ಯಾನು ಕೊಂಡ. ಸೀಟು ಕಿತ್ತು ಮಂಚ ಹಾಕಿದ, ಗ್ಯಾಸ್ ಒಲೆ ಇಟ್ಟ, ನೀರಿನ ಡ್ರಮ್ಮು ಕಟ್ಟಿದ. ಬಚ್ಚಲು ಮಾತ್ರ ಹೋದಲ್ಲಿ ಬಂದಲ್ಲಿ ನಮ್ಮಂಥವರದು! ಆ ಹಳದಿ ಬಣ್ಣವನ್ನಾದರೂ ಬದಲಾಯಿಸು ಎಂದು ಎಲ್ಲರೂ ಬಡಿದುಕೊಂಡೆವು. ಕೇಳಿದನೇ? ತರೀಕೆರೆಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಒಬ್ಬಾಕೆ ಓಡಿಬಂದು ಮಗುವನ್ನು ಹತ್ತಿಸಿ, ಟಾಟಾ ಮಾಡಿ ಹೋಗಿಯೇಬಿಟ್ಟಳಂತೆ. ಇವನು ಮಗುವನ್ನೇ ದಾರಿ ಕೇಳಿಕೊಂಡು ಸ್ಕೂಲಿಗೆ ಬಿಟ್ಟುಬಂದ. "ಲೇಟಾಗಿ ಕರ್ಕೊಂಡ್ ಬಂದಿದೀಯ ಅಂತ ಅಲ್ಲಿ ಮೇಡಮ್ಮು ನಂಗೇ ಬೈದ್ರು ಕಣೇ!" ಎಂದು ನನ್ನ ಹತ್ತಿರ ದೂರು ಬೇರೆ.

"ಅಲ್ಲ ಕಣಣ್ಣ, ಇದನ್ನ ಮನೆ ಅಂತಾರಾ? ಒಂದು ಹೊಸ್ತಿಲಿಲ್ಲ. ಅರಿಶಿನ ಕುಂಕುಮ ಎಲ್ಲಿಗೆ ಹಚ್ಚಾದು?" ಎಂದು ಕೇಳಿದರೆ, "ಟೈರಿಗೆ ಹಚ್ಚು. ಊರೂರು ಸುತ್ತಿ ಪುಣ್ಯ ತರ್ತದೆ" ಎನ್ನುತ್ತಾನೆ. ಇಂಥವನಿಗೆ ಏನು ಹೇಳುತ್ತೀರಿ?

ನೀವು ನಗುತ್ತೀರಿ, ನಗಿ. ನನಗೆ ಮಾತ್ರ ನಗು ಬರುವುದಿಲ್ಲ. ಯಾಕೆಂದರೆ ಅತ್ತಿಗೆ ಹೋದ ಹೊಸತರಲ್ಲಿ ನಮ್ಮಲ್ಲಿ ನಾಲ್ಕು ದಿನ ಇದ್ದದ್ದು ಬಿಟ್ಟರೆ ಇವನು ಯಾರ ಮನೆಯ ಸೂರಿನ ಕೆಳಗೂ ಮಲಗಿಲ್ಲ. ಊಟ ಜಗಲಿಯಲ್ಲಿ, ನಿದ್ದೆ ವ್ಯಾನಿನಲ್ಲಿ. ಹೋದ ಮಳೆಗಾಲದಲ್ಲಿ ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿಕೊಂಡು, ಜ್ವರ ಬಂದು ಒಬ್ಬನೇ ನರಳಿದ್ದಾನೆ. ದನ ಮೇಯಿಸುವವರು ಗಂಜಿ ಕಾಯಿಸಿ ಕೊಟ್ಟರಂತೆ. ನಮಗೆ ಗೊತ್ತಾಗಿದ್ದು ಅವನು ಎದ್ದು ಓಡಾಡಿದ ಮೇಲೆ. ಬದುಕಿದನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಮುಂದೆ? ಯಾವ ಏರಿಯಿಂದ, ಯಾವ ಗುರುತಿಲ್ಲದವರಿಂದ ನನಗೆ ಫೋನು ಬರುತ್ತದೋ! ಅಣ್ಣ ನಮ್ಮ ಮನೆಯಲ್ಲಿ ಉಳಿಯಲಿ ಎಂದು ನಾನು ಹರಸಿಕೊಳ್ಳದ ದೇವರಿಲ್ಲ. ದೇವರು ತಾನೇ ಏನು ಮಾಡಿಯಾನು? ಎಲ್ಲಿದ್ದಾನೆಂದು ಹುಡುಕಿ ಆಶೀರ್ವಾದ ಮಾಡಬೇಕಲ್ಲ!

ಈ ಸಲ ಬಂದಿದ್ದು ಗಣಪತಿ ಹಬ್ಬದ ಹಿಂದಿನ ದಿನ. ಬಿಟ್ಟಿ ಊಟ ಮಾಡುವ ಜಾಯಮಾನ ಅಲ್ಲ. ಬಂದವನೇ ಹಿತ್ತಿಲು ನೋಡಿ, "ಏನೇ ಇದು, ಕಾಡು ಬೆಳೆಸಿದೀಯಲ್ಲ! ಹಾವು ಸಂಸಾರ ಹೂಡ್ತವೆ" ಎಂದ. ಗಾಡಿಯಿಂದ ಹುಲ್ಲು ಕತ್ತರಿಸುವ ಮಷೀನು ಇಳಿಸಿದ. ನಾನು ಒಳಗೆ ಕಡುಬಿಗೆ ಹೂರಣ ಕಲಸುತ್ತಿದ್ದೆ. ಮಷೀನು ಅರ್ಧ ಊರಿಗೆ ಕೇಳುವಂತೆ ಗುರ್ರೆಂದಿತು. ಆಮೇಲೆ ಬೆವರು ಒರೆಸಿಕೊಳ್ಳುತ್ತಾ ನನ್ನನ್ನು ಕರೆದ.

"ನೋಡು, ಕಳೆ ಎಲ್ಲಾ ಕ್ಲೀನು!"

ನೋಡಿದೆ. ಕೂತುಬಿಟ್ಟೆ. ಗರಿಕೆ ಇಲ್ಲ. ತುಂಬೆ ಇಲ್ಲ. ಉತ್ತರಾಣಿ ಇಲ್ಲ. ಉಮ್ಮತ್ತಿ, ಎಕ್ಕ ಯಾವುದೂ ಇಲ್ಲ!

"ಅಣ್ಣಾ, ಅದು ಕಳೆ ಅಲ್ಲ ಕಣೋ! ನಾಳೆ ಗಣಪತಿಗೆ ಏರ್ಸೋ ಪತ್ರೆ!"

"ಅಯ್ಯೋ, ಕಳೆ ಥರಾನೇ ಇತ್ತಲ್ಲೇ?"

"ಇನ್ನೇನು, ಅದರ ಮೇಲೆ ಬೋರ್ಡ್ ಹಾಕಿರ್ತಾರಾ? ಹೋಗ್ಲಿ, ಆ ಮೂಲೇಲಿ ಅದೇನು ಬಿಟ್ಟಿದೀಯ?"

"ಬಿಳಿ ಹೂ ಚೆನ್ನಾಗಿತ್ತು. ಹೂವಿನ ಗಿಡ ಅಂತ ಉಳಿಸ್ದೆ."

ಪಾರ್ಥೇನಿಯಂ! ಇಡೀ ಹಿತ್ತಿಲಲ್ಲಿ ಉಳಿದದ್ದು ಅದೊಂದೇ. ಬಡಿದ ಹುಲ್ಲನ್ನೆಲ್ಲ ಗುಡ್ಡೆ ಹಾಕಿದ್ದನೇ ಹೊರತು ಬೆಂಕಿ ಇಟ್ಟಿರಲಿಲ್ಲ, ಅಷ್ಟರಮಟ್ಟಿಗೆ ಗಣಪತಿ ನನ್ನ ಕೈ ಬಿಡಲಿಲ್ಲ. ಆ ಗುಡ್ಡೆಯ ಪಕ್ಕ ಕೂತು, ಮುರಿಯದ ಗರಿಕೆ, ಚೂರಾಗದ ಎಲೆ ಹುಡುಕುತ್ತಾ ಮಧ್ಯಾಹ್ನ ಕಳೆದೆ. ಅವನೂ ಪಕ್ಕದಲ್ಲೇ ಕೂತು ಹುಡುಕಿದ. ಅವನು ಆರಿಸಿಕೊಟ್ಟದ್ದರಲ್ಲಿ ಅರ್ಧ ಮತ್ತೆ ಹೂ ಬಿಡದ ಎಳೇ ಪಾರ್ಥೇನಿಯಂ.

ನನ್ನ ಸಿಟ್ಟು ಇಳಿಸಲು ಅವನು ಹೂಡಿದ ಉಪಾಯ ಇನ್ನೂ ಘನವಾದದ್ದು. ವ್ಯಾನಿನಿಂದ ಒಂದು ಭರಣಿ ತಂದು ಜಗಲಿಯ ಮೇಲಿಟ್ಟ. "ನೇರಳೆ ಹಣ್ಣಿನ ವೈನು. ನಾನೇ ಮಾಡಿದ್ದು. ಇವತ್ತು ಟೇಸ್ಟಿಂಗು!" ಎಂದ.

"ಹಬ್ಬದ ಮನೇಲಿ ಹೆಂಡ ಇಡ್ತೀಯೇನೋ?"

"ಹೆಂಡ ಅಲ್ಲ ಕಣೇ, ಹಣ್ಣು!"

ನಮ್ಮೆಜಮಾನರು ಜೀವಮಾನದಲ್ಲಿ ಇಂಥದ್ದನ್ನು ಮುಟ್ಟಿದವರಲ್ಲ. ಆವತ್ತು ಮಾತ್ರ "ಹಣ್ಣು ಅಂದ್ಮೇಲೆ ಹಣ್ಣೇ" ಎಂದು ಲೋಟ ಹಿಡಿದು ಕೂತರು! ಅಣ್ಣ ಪಾಠ ಶುರು ಮಾಡಿದ. "ಭಾವ, ಗಟಗಟ ಕುಡೀಬ್ಯಾಡ. ಮೊದ್ಲು ಲೋಟ ತಿರುಗಿಸು. ಈಗ ಮೂಸು. ಏನ್ ವಾಸನೆ ಬತ್ತದೆ?"

"ಬ್ಯಾಟರಿ ನೀರಿಂದು."

"ಅದು ಲಕ್ಕವಳ್ಳಿ ಕಾಡಿನ ಘಮ! ಈಗ ಒಂದು ಗುಟುಕು ತಗೊಂಡು ನಾಲಗೆ ಮೇಲೆ ಹೊರಳಿಸು."

ಇವರು ಹೊರಳಿಸಿದರು. ಒಂದು ಕಣ್ಣು ಮುಚ್ಚಿಹೋಯಿತು, ಇನ್ನೊಂದರಲ್ಲಿ ನೀರು. ಕಾಂಪೌಂಡಿನ ಆಚೆ ಬಟ್ಟೆ ಒಣಗಿಹಾಕುತ್ತಿದ್ದ ಪಕ್ಕದ ಮನೆಯ ಖೈರುನ್ ವಾಸನೆಗೇ ತಿರುಗಿ ನೋಡಿದಳು.

"ಅಣ್ಣಾ, ಅದು ಸಿರ್ಕಾ ಆಗೋಗಿದೆ! ಅದೇ, ವಿನೆಗರ್ರು. ಅದ್ರಲ್ಲಿ ನಶಾನೂ ಇಲ್ಲ, ಏನೂ ಇಲ್ಲ. ನಾವೂ ತಿನ್ಬೋದು. ಒಂದು ಬಾಟ್ಲಿ ಕೊಡಿ, ಈರುಳ್ಳಿ ನೆನೆಹಾಕ್ತೀನಿ!"

ಗೋಡೆಯ ಆ ಕಡೆ ಈ ಕಡೆ ಎಲ್ಲರೂ ನಕ್ಕೆವು. ಹಬ್ಬದ ಮನೆಗೆ ಹೆಂಡ ಬರಲಿಲ್ಲ, ದೇವರು ಮಾನ ಉಳಿಸಿದ. ಅಣ್ಣನೊಬ್ಬ ನಗಲಿಲ್ಲ. ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಸವರುತ್ತಾ, "ನಿಮ್ಮತ್ತಿಗೆ ಇದ್ದಿದ್ರೆ ಬಿಗಿಯಾಗಿ ಕಟ್ಟಿರೋಳು" ಎಂದ. ಇಷ್ಟು ವರ್ಷಗಳಲ್ಲಿ ಅವನ ಬಾಯಲ್ಲಿ ಅತ್ತಿಗೆಯ ಮಾತು ಬಂದದ್ದು ಅದೇ ಮೊದಲು.

ಸಂಜೆ ಮಳೆ ಸುರಿಯಿತು. ಸುಮ್ಮನೆ ಸುರಿದದ್ದಲ್ಲ, ಸೇಡು ತೀರಿಸಿಕೊಂಡ ಹಾಗೆ! ಗಾಳಿ ಬರಲೆಂದು ಅವನು ವ್ಯಾನಿನ ಟಾಪಿಗೆ ಕೊರೆಸಿದ್ದ ಕಿಂಡಿಯಿಂದ ನೀರು ನೇರ ಮಂಚದ ಮೇಲೆ. ಸುತ್ತಿದ ಹಾಸಿಗೆಯನ್ನು ಹೊತ್ತುಕೊಂಡು ಅಣ್ಣ ನಮ್ಮ ನಡುಮನೆಯಲ್ಲಿ ಬಂದು ನಿಂತ. ಕೊನೆಗೂ ನನ್ನ ಮೊರೆ ಕೇಳಿತಲ್ಲ ಎಂದು ಒಣಗಿದ ದುಪ್ಪಟಿ ತಂದೆ, ಹಾಸಿದೆ. "ಇನ್ಮೇಲೆ ಇಲ್ಲೇ ಇರಣ್ಣ. ಎಲ್ಲೂ ಹೋಗ್ಬ್ಯಾಡ" ಎಂದು ಕೈ ಹಿಡಿದುಕೊಂಡೆ.

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಮುಖ ಮಾತ್ರ ಬೇರೆ ಕಡೆ ತಿರುಗಿಸಿದ.

"ಇಲ್ಲಿ ಮಲಗಿದ್ರೆ, ಬೆಳಿಗ್ಗೆ ನೀನು ಎದ್ದು ಲೋಟ ತಟ್ಟೆ ತೊಳೀತೀಯಲ್ಲ, ಬಳೆ ಸದ್ದಾಗ್ತದೆ. ನಿದ್ದೆಗಣ್ಣಲ್ಲಿ ಅವಳೇ ಎದ್ದವ್ಳೆ ಅನ್ಕಂಡ್ಬಿಡ್ತೀನಿ. ಎದ್ದು ಬಂದ್ ನೋಡಿದ್ರೆ, ನೀನು. ನಿನ್ ಮೇಲೆ ಸಿಟ್ಟು ಬತ್ತದೆ ಕಣೇ. ನೀನೇನ್ ತಪ್ಪು ಮಾಡಿದೀಯ, ಪಾಪ! ಅದ್ಕೇ ಗಾಡಿ. ಅದ್ರೊಳಗೆ ಅವಳು ಒಂದಿನಾನೂ ಇರ್ಲಿಲ್ಲ. ಅಲ್ಲಿ ಯಾರನ್ನೂ ಹುಡುಕಂಗಿಲ್ಲ."

ಇವನು ಓಡುತ್ತಿದ್ದುದು ನನ್ನ ಬಳೆಯ ಸದ್ದಿನಿಂದ ಎಂದು ಯಾವ ದೇವರೂ ನನಗೆ ಹೇಳಲಿಲ್ಲವಲ್ಲ!

ಬೆಳಿಗ್ಗೆ ಎದ್ದೆ. ಬಳೆಗಳನ್ನು ಮೊಣಕೈವರೆಗೆ ಏರಿಸಿ ಸೆರಗಿನ ತುದಿಯಿಂದ ಸುತ್ತಿದೆ. ಪಾತ್ರೆಗಳನ್ನು ನೆಲದ ಮೇಲೆ ಟವಲ್ ಹಾಸಿ ಇಟ್ಟೆ. ಕುಕ್ಕರ್ ಕೂಗೀತು ಎಂದು ಅನ್ನ ಪಾತ್ರೆಯಲ್ಲೇ ಬೇಯಿಸಿದೆ. ಮಳೆ ನಿಂತಿತ್ತು. ಎದ್ದರೆ ಹೊರಟೇ ಹೋಗುತ್ತಾನೆ, ಸಂಶಯವಿಲ್ಲ. ನಡುಮನೆಯಲ್ಲಿ ಅವನು ಮಗುವಿನ ಹಾಗೆ ಬಾಯಿ ತೆರೆದುಕೊಂಡು ಮಲಗಿದ್ದ.

ಮಂಗಳಾರತಿಯ ಹೊತ್ತಾಯಿತು. ಎಜಮಾನರು ಗಂಟೆ ಎತ್ತಿದರು. ನಾನು ಕೈ ಚಾಚಿ ಗಂಟೆಯ ನಾಲಗೆ ಹಿಡಿದುಕೊಂಡೆ. ಅವರು ನನ್ನ ಮುಖ ನೋಡಿದರು, ನಡುಮನೆಯ ಕಡೆ ನೋಡಿದರು, ಸುಮ್ಮನೆ ಆರತಿ ಬೆಳಗಿದರು. ಈ ವರ್ಷ ನಮ್ಮ ಗಣಪತಿಗೆ ಆರತಿಯಾದದ್ದು ನಮ್ಮಣ್ಣನ ಗೊರಕೆಯಲ್ಲಿ.