ಇನ್ನೊಬ್ಬ ತಿಪ್ಪೇಸ್ವಾಮಿಯ ರಕ್ತ

ಹೋದ ಶ್ರಾವಣದಲ್ಲಿ ಒಂದು ವಾರ ನಾನು ಇನ್ನೊಬ್ಬನ ರಕ್ತದಲ್ಲಿ ಬದುಕಿದೆ. ನೀವು ನಗಬಹುದು, ಆಗ ನನಗೆ ನಗುವ ತ್ರಾಣ ಇರಲಿಲ್ಲ. ನಮ್ಮ ರಾಯದುರ್ಗದ ಕಡೆ ಮನೆಗೊಬ್ಬ ತಿಪ್ಪೇಸ್ವಾಮಿ ಇರುತ್ತಾನೆ. ದೇವರು ತಿಪ್ಪೇಸ್ವಾಮಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನಿಗೂ ಅದೇ ಹೆಸರು, ಹೊರದೆ ಹುಟ್ಟಿದವನಿಗೂ ಅದೇ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕೂಗಿದರೆ ಡ್ರೈವರೂ ತಿರುಗಿ ನೋಡುತ್ತಾನೆ.

ವರ್ಷಕ್ಕೊಮ್ಮೆ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು, ರಿಪೋರ್ಟನ್ನು ಓದದೆ ಪ್ಲಾಸ್ಟಿಕ್ ಕವರಿಗೆ ತುರುಕಿ ಬೀರುವಿನ ಮೇಲೆ ಎಸೆಯುವುದು ನನ್ನ ಪದ್ಧತಿ. ಈ ಸಲ ಅದು ಫೋನಿಗೇ ಬಂದದ್ದರಿಂದ ಓದಿಬಿಟ್ಟೆ. ಹಿಮೋಗ್ಲೋಬಿನ್ ಆರೂವರೆ! ಹದಿಮೂರಾದರೂ ಇರಬೇಕೆಂದು ಪಕ್ಕದಲ್ಲೇ ಬರೆದಿತ್ತು. ಅಲ್ಲಿಯ ತನಕ ಗುಂಡುಕಲ್ಲಿನ ಹಾಗಿದ್ದವನಿಗೆ ಓದಿದ ಕೂಡಲೇ ಸುಸ್ತು ಶುರುವಾಯಿತು. ಎಂ.ಆರ್.ಓ., ಅಂದರೆ ತಹಶೀಲ್ದಾರರ, ಆಫೀಸಿನ ಮೆಟ್ಟಿಲು ಹತ್ತುವಾಗ ಏದುಸಿರು. ಕನ್ನಡಿಯಲ್ಲಿ ಬಿಳಿಚಿದ ಮುಖದವನೊಬ್ಬ ನನ್ನ ಅಂಗಿ ಹಾಕಿಕೊಂಡು ನಿಂತಿರುತ್ತಿದ್ದ. ಡಾಕ್ಟರ ಹತ್ತಿರ ಹೋಗೋಣ ಎಂದಳು ಹೆಂಡತಿ ಗಂಗಮ್ಮ. ಅವರು ಇನ್ನೇನು ಹೇಳಿಬಿಡುತ್ತಾರೋ ಎಂದು ನಾನು ಮುಂದೂಡಿದೆ. ಅವಳು ಸುಮ್ಮನಿರದೆ ಡಬ್ಬಿ ತುಂಬ ಶೇಂಗಾ-ಬೆಲ್ಲದ ಉಂಡೆ ಕಟ್ಟಿದಳು. ರಕ್ತ ಆಗಲೆಂದು ಹೊತ್ತುಹೊತ್ತಿಗೂ ತಿಂದೆ.

ವಾರವಾದ ಮೇಲೆ ಅವಳೇ ಬೀರುವಿನ ಮೇಲಿನ ಕವರು ಇಳಿಸಿ, ಹಳೆಯ ರಿಪೋರ್ಟುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಳು. ಪ್ರತಿ ವರ್ಷವೂ ನಾನು ಹದಿನಾಲ್ಕರ ಆಚೀಚೆ ಇದ್ದೆ. ಆಮೇಲೆ ಫೋನಿನ ಮೇಲೆ ಬೆರಳಿಟ್ಟು ಕೇಳಿದಳು:

“ರಕ್ತ ಕಡಿಮಿ ಆಗೇತಿ ಅಂದ್ರ ಒಪ್ತೀನ್ರಿ. ಗುಂಪು ಯಾಕ ಬದಲಾತು? ನೀವು ಬಿ. ಇದು ಓ.”

ಫೋನು ಹಿಡಿದು ಲ್ಯಾಬಿಗೆ ಓಡಿದೆ. ಹಾಗಾದರೆ ನಾನು ಬಿಡುತ್ತಿದ್ದ ಏದುಸಿರು ಯಾರದು? ಲ್ಯಾಬಿನವರು ಹುಡುಕಿ ನೋಡಿ ಒಪ್ಪಿಕೊಂಡರು. ಅದೇ ಬೆಳಿಗ್ಗೆ ಪಕ್ಕದೂರು ಕಣೇಕಲ್ಲಿನ ತಿಪ್ಪೇಸ್ವಾಮಿಯೊಬ್ಬ ರಕ್ತ ಕೊಟ್ಟಿದ್ದನಂತೆ; ನನ್ನ ರಿಪೋರ್ಟು ಅವನಿಗೆ, ಅವನದು ನನಗೆ. ಅವನಿಗೆ ಫೋನು ಮಾಡಿದರೆ ಎತ್ತುತ್ತಿಲ್ಲ ಎಂದರು. ನಾನು ಬದುಕಿಕೊಂಡೆ ಎಂದು ಕುಣಿಯಬೇಕಿತ್ತು. ಆದರೆ ಆ ಮನುಷ್ಯ ತನಗೇನೂ ಆಗಿಲ್ಲವೆಂದು ಓಡಾಡುತ್ತ ಎಲ್ಲಿ ಬಿದ್ದಿದ್ದಾನೋ ಎಂದು ಹೆದರಿಕೆಯಾಗಿ ಕಣೇಕಲ್ಲಿಗೆ ಸಿಕ್ಕ ಬಸ್ಸು ಹತ್ತಿದೆ.

ಅವನದು ಹಿಟ್ಟಿನ ಗಿರಣಿ. ಸದ್ದಿಗೆ ಫೋನು ಕೇಳಿಸಿರಲಿಲ್ಲ ಅಷ್ಟೆ. ನನ್ನದೇ ವಯಸ್ಸು, ನನ್ನದೇ ಎತ್ತರ. ತಲೆಯಿಂದ ಕಾಲಿನವರೆಗೆ ಹಿಟ್ಟು. ವಿಷಯ ಹೇಳಿದೆ. ಅವನು ನಕ್ಕು, “ನನಗ ಸಕ್ಕರಿ ಸ್ವಲ್ಪ ಜಾಸ್ತಿ ಅಂತ ಬಂದಿತ್ರಿ. ಚಾಕ್ಕ ಸಕ್ಕರಿ ಬಿಟ್ಟೆ, ಬೆಲ್ಲಾನೂ ಬಿಟ್ಟೆ” ಎನ್ನುತ್ತ ಟವೆಲಿನಿಂದ ಮುಖ ಒರೆಸಿಕೊಂಡ.

ಹಿಟ್ಟು ಹೋಯಿತು. ಬಿಳುಪು ಹೋಗಲಿಲ್ಲ.

ದಿನವೂ ಎದುರಿಗೆ ಬರುವ ಗಿರಾಕಿಗಳೆಲ್ಲ ಅದನ್ನು ಹಿಟ್ಟೆಂದೇ ತಿಳಿದಿದ್ದರು, ಅವನೂ. ಮರುಬಸ್ಸಿಗೆ ರಾಯದುರ್ಗದ ಆಸ್ಪತ್ರೆಗೆ ಕರೆತಂದೆ. ಹೊಟ್ಟೆಯೊಳಗಿನ ಹುಣ್ಣು ಸದ್ದಿಲ್ಲದೆ ರಕ್ತ ಸೋರಿಸುತ್ತಿತ್ತಂತೆ. ಕೂಡಲೇ ರಕ್ತ ಏರಿಸಿದರು. ಈಗ ಅವನು ಮತ್ತೆ ಗಿರಣಿಯಲ್ಲಿದ್ದಾನೆ, ಹಿಟ್ಟಿನಡಿಯಲ್ಲಿ ಒಳ್ಳೆ ಕಂದು ಬಣ್ಣ.

ಉಳಿದದ್ದು ನನ್ನ ಸಕ್ಕರೆ. ನನ್ನ ಪಥ್ಯ ಅವನು ಮಾಡಿದ, ಅವನ ಉಂಡೆ ನಾನು ತಿಂದೆ, ಏರಬೇಕಾದದ್ದು ಏರಿತ್ತು. ಮೊನ್ನೆ ಮತ್ತೆ ರಿಪೋರ್ಟಿಗೆಂದು ಲ್ಯಾಬಿಗೆ ಹೋದಾಗ ಒಳಗಿಂದ “ತಿಪ್ಪೇಸ್ವಾಮಿ” ಎಂದು ಕೂಗಿದರು. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿದ್ದ ಇಬ್ಬರು ಎದ್ದು ನಿಂತರು. ಅವರ ಮುಖ ಚೆನ್ನಾಗಿ ನೋಡಿಕೊಂಡೆ, ಇಬ್ಬರೂ ಸಣಕಲು, ಸಕ್ಕರೆಯವರ ಹಾಗೆ ಕಾಣಲಿಲ್ಲ. ಒಂದು ಗಳಿಗೆ ಅವರಲ್ಲೊಬ್ಬನ ರಿಪೋರ್ಟು ನನಗೆ ಬರಲೆಂದು ದುರಾಸೆಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಎದ್ದು, ಅಪ್ಪನ ಹೆಸರು, ಮನೆತನ, ಬೀದಿ, ರಕ್ತದ ಗುಂಪು ಎಲ್ಲವನ್ನೂ ಸೇರಿಸಿ ಗಟ್ಟಿಯಾಗಿ ಹೇಳಿ, ನನ್ನ ಸಕ್ಕರೆಯನ್ನು ನಾನೇ ತೆಗೆದುಕೊಂಡು ಬಂದೆ.